ಕರೆಂಟಿಲ್ಲದ ಹೊಳೆದಂಡೆಯಲ್ಲಿ ದೋಣಿ ಎತ್ತುವ ಲಿಫ್ಟಿಗೆ ಯಾವ ಶಕ್ತಿ ತಕ್ಕದ್ದು?

ಉಡುಪಿ, ಮಂಗಳೂರು ಸೀಮೆಯ ಹೊಳೆಬದಿಯ ಅನೇಕ ಮನೆಗಳಲ್ಲಿ ಅಂಗಳದವರೆಗೆ ಮೆಸ್ಕಾಂನ ಕರೆಂಟು ಬಂದಿರುತ್ತದೆ, ಆದರೆ ದೋಣಿ ಕಟ್ಟುವ ಜಾಗ ತೆಂಗಿನ ತೋಟವನ್ನೂ ಬೈಲುಗದ್ದೆಯನ್ನೂ ದಾಟಿ ನೂರಿನ್ನೂರು ಮೀಟರ್ ಆಚೆ ಉಳಿದಿರುತ್ತದೆ. ಸುವರ್ಣಾ, ಸೀತಾ, ಶಾಂಭವಿ, ನಂದಿನಿ, ಫಲ್ಗುಣಿ, ನೇತ್ರಾವತಿ ಹೊಳೆಗಳ ಅಳಿವೆಯ ಬದಿಯಲ್ಲೂ ಅವುಗಳ ನಡುವಿನ ಕುದ್ರುಗಳೆಂಬ ಸಣ್ಣ ನಡುಗಡ್ಡೆಗಳಲ್ಲೂ ಇದೇ ಕಥೆ. ಅಲ್ಲಿಯವರೆಗೆ ಕಂಬ ಹಾಕಿಸುವುದಕ್ಕೆ ಹಣವೂ ಬೇಕು, ಅನುಮತಿಯೂ ಬೇಕು. ನೆರೆ ಬಂದಾಗ ಮುಳುಗುವ ನೆಲದಲ್ಲಿ 230 ವೋಲ್ಟಿನ ತಂತಿ ಎಳೆಯುವುದು ಕ್ಷೇಮವೂ ಅಲ್ಲ. ಹಾಗೆಂದು ದೋಣಿಯನ್ನು ಸದಾ ನೀರಿನಲ್ಲೇ ಬಿಟ್ಟರೆ ತಳಕ್ಕೆ ಚಿಪ್ಪು ಅಂಟಿಕೊಂಡು ಬಲಿಯುತ್ತದೆ, ಮಳೆಗಾಲದ ಕೆಂಪು ನೀರಿನಲ್ಲಿ ತೇಲಿಬರುವ ಮರದ ದಿಮ್ಮಿಗಳು ಬಡಿಯುತ್ತವೆ. ಆದ್ದರಿಂದ ನಾಲ್ಕು ಕಂಬ ನಿಲ್ಲಿಸಿ, ನಡುವೆ ತೊಟ್ಟಿಲು ಕಟ್ಟಿ, ವೈರ್ ರೋಪಿನಿಂದ ದೋಣಿಯನ್ನು ನೀರಿನ ಮೇಲಕ್ಕೆ ಎತ್ತಿಡುವ ಲಿಫ್ಟನ್ನು ಹಾಕಿಸುವವರು ಈಗ ಹೆಚ್ಚಾಗುತ್ತಿದ್ದಾರೆ. ಕಂಬ ಮತ್ತು ತೊಟ್ಟಿಲಿನ ವಿಷಯದಲ್ಲಿ ಊರಿನ ವೆಲ್ಡಿಂಗ್ ಶಾಪಿನವರು ಸರಿಯಾದ ಸಲಹೆಯನ್ನೇ ಕೊಡುತ್ತಾರೆ. ಎಡವುವುದು ಶಕ್ತಿಯ ಆಯ್ಕೆಯಲ್ಲಿ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು, ಆ ತಪ್ಪಿನಿಂದ ಕಲಿತ ಲೆಕ್ಕವೇ ಈ ಬರಹಕ್ಕೆ ಆಧಾರ.

ಮೊದಲು ಲೆಕ್ಕ

ಯಾವುದೇ ಸಾಧನದ ಬೆಲೆ ಕೇಳುವ ಮೊದಲು, ದೋಣಿಯನ್ನು ಒಮ್ಮೆ ಎತ್ತಲು ಎಷ್ಟು ಶಕ್ತಿ ಬೇಕೆಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಎಂಜಿನ್, ಬಲೆ, ಸಾಮಾನು ಎಲ್ಲ ಸೇರಿ 1,000 ಕೆ.ಜಿ. ತೂಗುವ ಫೈಬರ್ ದೋಣಿಯನ್ನು 2 ಮೀಟರ್ ಎತ್ತುವ ಕೆಲಸವನ್ನು ಲೆಕ್ಕ ಹಾಕಿದರೆ ಅದು 19,600 ಜೌಲ್, ಅಂದರೆ ಕೇವಲ ಐದೂವರೆ ವ್ಯಾಟ್-ಗಂಟೆಯಾಗುತ್ತದೆ. ಗೇರು, ರಾಟೆ, ಮೋಟಾರುಗಳಲ್ಲಿ ನೂರಕ್ಕೆ ಅರವತ್ತು ಪಾಲು ನಷ್ಟವಾಗುತ್ತದೆ ಎಂದು ಧಾರಾಳವಾಗಿಯೇ ಹಿಡಿದರೂ ಬ್ಯಾಟರಿಯಿಂದ ಹೊರಡಬೇಕಾದದ್ದು ಸುಮಾರು 14 ವ್ಯಾಟ್-ಗಂಟೆ. ಮನೆಯ ಚಾವಡಿಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದೂವರೆ ಗಂಟೆಯಲ್ಲಿ ತಿನ್ನುವಷ್ಟೇ ಶಕ್ತಿ ಅದು. ಇಳಿಸುವಾಗ ಇನ್ನೂ ಕಡಿಮೆ ಸಾಕು. ದಿನಕ್ಕೆ ಒಮ್ಮೆ ಇಳಿಸಿ ಒಮ್ಮೆ ಎತ್ತುವ ಮನೆಗೆ 20 ವ್ಯಾಟ್-ಗಂಟೆ ಎಂದು ಇಟ್ಟುಕೊಂಡರೆ ಯಥೇಷ್ಟ.

ಈ ಅಂಕಿ ಮೊದಲ ಸಲ ಕಂಡಾಗ ನನಗೆ ನಂಬಿಕೆಯೇ ಬರಲಿಲ್ಲ. ಒಂದು ಟನ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಹತ್ತು ಜನ ಹೆಗಲು ಕೊಟ್ಟು ಮರಳಿನ ಮೇಲೆ ದೋಣಿ ಎಳೆಯುವ ಚಿತ್ರ, ಹಾಗಾಗಿ ಬೇಕಾದ ಶಕ್ತಿಯೂ ಅಪಾರವಾಗಿರಬೇಕೆಂದು ಮನಸ್ಸು ಹೇಳುತ್ತದೆ. ವಾಸ್ತವದಲ್ಲಿ ಇಲ್ಲಿ ದೊಡ್ಡದು ಭಾರವೇ ಹೊರತು ಶಕ್ತಿಯ ಮೊತ್ತವಲ್ಲ. ಭಾರವನ್ನು ಗೇರು ಮತ್ತು ರಾಟೆಗಳು ಹೊರುತ್ತವೆ. ಶಕ್ತಿಯ ಮೂಲವನ್ನು ನಿರ್ಧರಿಸುವುದು ನಾವು ಎಷ್ಟು ಬೇಗ ಎತ್ತಲು ಬಯಸುತ್ತೇವೆ ಎಂಬುದು. ಅದೇ ದೋಣಿಯನ್ನು ಐದು ನಿಮಿಷದಲ್ಲಿ ಎತ್ತಿದರೆ 12 ವೋಲ್ಟಿನ ಮೋಟಾರು ಸುಮಾರು 14 ಆಂಪಿಯರ್ ಎಳೆಯುತ್ತದೆ, ಒಂದೇ ನಿಮಿಷದಲ್ಲಿ ಎತ್ತಬೇಕೆಂದರೆ 70 ಆಂಪಿಯರಿನ ಹತ್ತಿರ ಹೋಗುತ್ತದೆ. ಒಟ್ಟು ಶಕ್ತಿ ಎರಡರಲ್ಲೂ ಒಂದೇ, ಆದರೆ ಎರಡನೆಯದಕ್ಕೆ ದಪ್ಪ ತಂತಿ, ದೊಡ್ಡ ಬ್ಯಾಟರಿ, ಭಾರಿ ಸ್ವಿಚ್ಚು ಎಲ್ಲವೂ ಬೇಕು. ದೋಣಿ ಎತ್ತಿಡುವವನಿಗೆ ನಾಲ್ಕು ನಿಮಿಷ ಉಳಿಸುವ ಅಗತ್ಯ ನಿಜವಾಗಿ ಇದೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು. ನನ್ನ ಮಟ್ಟಿಗೆ ಇಲ್ಲ.

ಎತ್ತರದ ವಿಷಯದಲ್ಲೂ ಒಂದು ಮಾತು. ನಮ್ಮ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಹೆಚ್ಚೇನೂ ಅಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಲ್ಲೂ ಅದು ಒಂದೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಂತೆ ಎಂಟು-ಹತ್ತು ಮೀಟರ್ ಏರಿಳಿಯುವ ನೀರು ಇಲ್ಲಿಲ್ಲ. ಆದರೆ ಹೊಳೆಯಲ್ಲಿ ನೆರೆ ಏರಿದ ದಿನವೇ ಸಮುದ್ರದ ಉಬ್ಬರವೂ ಬಂದರೆ ನೀರು ಹೊರಹೋಗಲಾರದೆ ದಂಡೆ ಮೀರುತ್ತದೆ. ಆದ್ದರಿಂದ ಬೇಸಗೆಯಲ್ಲಿ ನಿಂತು ಅಳೆಯದೆ, ಹಿರಿಯರು ನೆನಪಿಟ್ಟುಕೊಂಡಿರುವ ನೆರೆಯ ಗುರುತಿನಿಂದ ಎತ್ತರವನ್ನು ಅಳೆಯಬೇಕು.

ಇನ್ವರ್ಟರಿನ ಪಾಠ

ನಮ್ಮ ದೋಣಿ ನಿಲ್ಲುವುದು ಸುವರ್ಣಾ ಹೊಳೆ ಕೋಡಿ ಬೆಂಗ್ರೆಯ ಅಳಿವೆಯನ್ನು ಸೇರುವ ಮೊದಲಿನ ಭಾಗದಲ್ಲಿ. ಮೊದಲ ಸಲ ಲಿಫ್ಟ್ ಹಾಕಿಸಿದಾಗ ಮಾರಾಟಗಾರರೊಬ್ಬರ ಸಲಹೆಯಂತೆ ಮನೆಬಳಕೆಯ ಸೋಲಾರ್ ವ್ಯವಸ್ಥೆಯನ್ನೇ ಹೊಳೆಬದಿಗೆ ತಂದಿಟ್ಟೆವು: 200 ವ್ಯಾಟಿನ ಪ್ಯಾನೆಲ್, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ, ಇನ್ವರ್ಟರ್, ಅದಕ್ಕೆ 230 ವೋಲ್ಟಿನಲ್ಲಿ ಓಡುವ ಹೋಯಿಸ್ಟ್, ಅಂದರೆ ಭಾರ ಎತ್ತುವ ಯಂತ್ರ. ಬೇಸಗೆಯುದ್ದಕ್ಕೂ ಒಂದು ದಿನವೂ ತೊಂದರೆ ಕೊಡಲಿಲ್ಲ. ಜುಲೈಯಲ್ಲಿ ಬಿಡದೆ ಮಳೆ ಹಿಡಿದ ಐದನೆಯ ದಿನ ದೋಣಿ ಅರ್ಧ ಎತ್ತರಕ್ಕೆ ಏರಿ ನಿಂತುಬಿಟ್ಟಿತು. ಬ್ಯಾಟರಿ ಬರಿದಾಗಿತ್ತು. ಆ ಐದು ದಿನಗಳಲ್ಲಿ ನಾವು ದೋಣಿಯನ್ನು ಎತ್ತಿದ್ದು ಮೂರೇ ಸಲ.

ಕಾರಣವನ್ನು ಹುಡುಕಿದಾಗ ತಿಳಿದದ್ದು ಇಷ್ಟು. ಇನ್ವರ್ಟರ್ ಏನೂ ಕೆಲಸ ಮಾಡದೆ ಬರಿದೇ ಚಾಲೂ ಇದ್ದರೂ ಹತ್ತರಿಂದ ಇಪ್ಪತ್ತು ವ್ಯಾಟ್ ತಿನ್ನುತ್ತಲೇ ಇರುತ್ತದೆ. 15 ವ್ಯಾಟ್ ಎಂದರೂ ದಿನಕ್ಕೆ 360 ವ್ಯಾಟ್-ಗಂಟೆ, ಅಂದರೆ ದೋಣಿಗೆ ಬೇಕಾದ 20 ವ್ಯಾಟ್-ಗಂಟೆಯ ಹದಿನೆಂಟು ಪಟ್ಟು. ದಟ್ಟ ಮೋಡದ ದಿನ ಆ ಪ್ಯಾನೆಲಿನಿಂದ ಬಂದದ್ದು ಆ 360ರ ಅರ್ಧವೂ ಅಲ್ಲ. ನಮ್ಮ ಬ್ಯಾಟರಿಯನ್ನು ಬರಿದು ಮಾಡಿದ್ದು ದೋಣಿಯಲ್ಲ, ಇನ್ವರ್ಟರ್. ಪ್ರತಿ ಸಲ ಕೆಲಸ ಮುಗಿದ ಮೇಲೆ ಅದನ್ನು ಆರಿಸಿ ಬರಬಹುದಿತ್ತು ನಿಜ, ಆದರೆ ಮಳೆಯಲ್ಲಿ ನೆನೆದು, ಮೀನಿನ ಬುಟ್ಟಿ ಹೊತ್ತು ಮನೆಯತ್ತ ಹೊರಟವರಿಗೆ ಅದು ನೆನಪಿರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಸೋಲಾರ್ ಎಂದಾಗಲೆಲ್ಲ ಬ್ಯಾಟರಿಯಿಂದ ನೇರವಾಗಿ ಓಡುವ 12 ಅಥವಾ 24 ವೋಲ್ಟಿನ ಡಿಸಿ ವಿಂಚನ್ನು (ಡ್ರಮ್ಮಿಗೆ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರವನ್ನು) ಮಾತ್ರ ಗಣನೆಗೆ ತೆಗೆದುಕೊಂಡಿದ್ದೇನೆ. ಹೊಳೆದಂಡೆಯಲ್ಲಿ ಇನ್ವರ್ಟರಿಗೆ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೈಬಲ

ಬ್ಯಾಟರಿಗೆ ಹೋಗುವ ಮೊದಲು ತೋಳಿನ ಶಕ್ತಿಯನ್ನು ಗೌರವದಿಂದ ಪರಿಗಣಿಸಬೇಕು. ಆರೋಗ್ಯವಂತ ಮನುಷ್ಯ ಬಳಲದೆ 75 ವ್ಯಾಟಿನಷ್ಟು ಕೆಲಸವನ್ನು ಸತತವಾಗಿ ಮಾಡಬಲ್ಲ. ಗೇರಿನಲ್ಲಿ ಅರ್ಧ ನಷ್ಟವಾದರೂ ಒಂದು ಟನ್ ದೋಣಿಯನ್ನು ಎರಡು ಮೀಟರ್ ಎತ್ತಲು ಅವನೊಬ್ಬನಿಗೆ ಒಂಬತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಎತ್ತುವ ದೋಣಿಗೆ, ಅಥವಾ ಮಳೆಗಾಲ ಹಿಡಿಯುವಾಗ ಎತ್ತಿಟ್ಟು ಮತ್ತೆ ಇಳಿಸುವ ದೋಣಿಗೆ, ಇದಕ್ಕಿಂತ ಹೆಚ್ಚಿನದು ಏಕೆ ಬೇಕೆಂದು ನನಗೆ ಅರ್ಥವಾಗುವುದಿಲ್ಲ.

ಗ್ಯಾರೇಜುಗಳಲ್ಲಿ ಎಲ್ಲರೂ ಕಂಡಿರುವ ಚೈನ್ ಬ್ಲಾಕ್ ಇದಕ್ಕೆ ಒಳ್ಳೆಯದು. ಕೈ ಬಿಟ್ಟರೂ ಭಾರ ಅಲ್ಲಿಯೇ ನಿಲ್ಲುವಂತೆ ಅದರೊಳಗೆ ಬ್ರೇಕ್ ಇರುತ್ತದೆ. ಒಂದು ಮೀಟರ್ ಎತ್ತಲು ಹಲವು ಹತ್ತು ಮೀಟರ್ ಸರಪಳಿ ಎಳೆಯಬೇಕಾಗುವುದು ಅದರ ಬೇಸರದ ಗುಣ. ನಾಲ್ಕು ಮೂಲೆಗೆ ನಾಲ್ಕು ಚೈನ್ ಬ್ಲಾಕ್ ಹಾಕುವುದು ಬೇಡ. ನಾಲ್ಕೂ ಸಮನಾಗಿ ಏರದೆ ದೋಣಿ ಓರೆಯಾಗುತ್ತದೆ. ಎರಡು ಉದ್ದ ತೊಲೆಗಳ ನಡುವೆ ಒಂದೇ ಅಚ್ಚು ಹಾಯಿಸಿ, ನಾಲ್ಕೂ ವೈರ್ ರೋಪುಗಳು ಅದೇ ಅಚ್ಚಿಗೆ ಸುತ್ತಿಕೊಳ್ಳುವಂತೆ ಮಾಡಿ, ಆ ಅಚ್ಚನ್ನು ತಿರುಗಿಸಲು ಕೈಹಿಡಿಯಿರುವ ವರ್ಮ್ ಗೇರ್ (ತಿರುಪಿನಂಥ ಅಚ್ಚು ಹಲ್ಲುಚಕ್ರವನ್ನು ತಿರುಗಿಸುವ ಗೇರು) ಕೂಡಿಸಿದರೆ ಒಬ್ಬನೇ ಎತ್ತಬಹುದು. ವರ್ಮ್ ಗೇರಿನಲ್ಲಿ ಶಕ್ತಿ ಹೆಚ್ಚು ಪೋಲಾಗುತ್ತದೆ, ಆದರೆ ಅದರ ಹಲ್ಲಿನ ಕೋನ ಸಣ್ಣದಾಗಿದ್ದರೆ ಭಾರ ತಾನಾಗಿ ಹಿಂದಕ್ಕೆ ತಿರುಗಿಸಲಾರದು. ಹಲ್ಲುಚಕ್ರಕ್ಕೆ ಬರಿಯ ಕೊಕ್ಕೆ ಇಟ್ಟಿರುವ ಅಗ್ಗದ ಕೈವಿಂಚುಗಳಲ್ಲಿ ಕೊಕ್ಕೆ ಜಾರಿದರೆ ಹಿಡಿ ಗಿರ್ರನೆ ತಿರುಗಿ ಕೈ ಮುರಿಯುತ್ತದೆ. ದೋಣಿಗೆ ಅಂಥದ್ದನ್ನು ಬಳಸಲೇಬಾರದು.

ದಂಡೆ ಇಳಿಜಾರಾಗಿದ್ದರೆ ನೇರವಾಗಿ ಎತ್ತುವುದರ ಬದಲು ಚಕ್ರದ ಗಾಡಿಯ ಮೇಲೆ ಕೂರಿಸಿ ಹಳಿಯ ಮೇಲೆ ಎಳೆಯುವ ಕ್ರಮವೂ ಇದೆ. ಎಂಟಕ್ಕೆ ಒಂದರ ಇಳಿಜಾರಿನಲ್ಲಿ ಒಂದು ಟನ್ ದೋಣಿಯನ್ನು ಎಳೆಯಲು, ಚಕ್ರದ ತಿಕ್ಕಾಟವೂ ಸೇರಿ, 175 ಕೆ.ಜಿ.ಯಷ್ಟು ಬಲ ಸಾಕು. ಒಂದು ರಾಟೆಯಲ್ಲಿ ಹಗ್ಗವನ್ನು ಇಮ್ಮಡಿಸಿದರೆ ಅದರ ಅರ್ಧ. ಆದರೆ ಪ್ರತಿ ನೆರೆಯ ನಂತರ ಹಳಿಯ ಕೆಳತುದಿಯನ್ನು ಕೆಸರು ಮುಚ್ಚುತ್ತದೆ, ಅದನ್ನು ಬಿಡಿಸುವ ಕೆಲಸ ಎತ್ತುವುದಕ್ಕಿಂತ ದೊಡ್ಡದು.

ಡಿಸಿ ವಿಂಚ್, ಬ್ಯಾಟರಿ ಮತ್ತು ಬಿಸಿಲು

ದಿನವೂ ಹೊಳೆಗಿಳಿಯುವ ಮನೆಗೆ ನಾನು ಸೂಚಿಸುವುದು ಇದನ್ನೇ, ಆದರೆ ಇಲ್ಲಿ ವಿವರಗಳು ಹಲವು, ಅವುಗಳಲ್ಲಿ ಯಾವುದು ತಪ್ಪಿದರೂ ಹಣ ವ್ಯರ್ಥವಾಗುತ್ತದೆ.

ನಮ್ಮ ಊರಿನ ಒಂದು ವಿಶೇಷ ಕಷ್ಟವೆಂದರೆ, ಲಿಫ್ಟ್ ಹೆಚ್ಚು ಬೇಕಾಗುವ ತಿಂಗಳುಗಳಲ್ಲೇ ಬಿಸಿಲು ಅತಿ ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆದರೆ ನಾಡದೋಣಿಗಳಿಗೆ ಅದೇ ದುಡಿಮೆಯ ಕಾಲ. ವರ್ಷಕ್ಕೆ 4,000 ಮಿ.ಮೀ. ಮೀರಿ ಸುರಿಯುವ ಉಡುಪಿಯ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಬೀಳುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಪ್ಯಾನೆಲಿಗೆ ದಿನಕ್ಕೆ ಆರು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುತ್ತದೆ, ಜುಲೈಯಲ್ಲಿ ಅದು ಮೂರು-ನಾಲ್ಕಕ್ಕೆ ಇಳಿಯುತ್ತದೆ, ಬಿಡದೆ ಸುರಿಯುವ ದಿನ ಒಂದು ಗಂಟೆಗೂ ಬರಬಹುದು. ನಾವು ಲೆಕ್ಕ ಹಾಕಬೇಕಾದದ್ದು ಆ ಕೊನೆಯ ಅಂಕಿಯನ್ನು ಹಿಡಿದು. 50 ವ್ಯಾಟಿನ ಪ್ಯಾನೆಲ್ ಅಂಥ ದಿನವೂ ನಷ್ಟ ಕಳೆದು 35 ವ್ಯಾಟ್-ಗಂಟೆ ಕೊಡುತ್ತದೆ, ನಮಗೆ ಬೇಕಾದದ್ದು 20. ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ದಿನಕ್ಕೆ ತಾನು ತಿನ್ನುವುದು ಮೂರು-ನಾಲ್ಕು ವ್ಯಾಟ್-ಗಂಟೆ. ಆದ್ದರಿಂದ 50 ವ್ಯಾಟ್ ಸಾಕು, ಮರದ ನೆರಳು ತಪ್ಪಿಸಲಾಗದಿದ್ದರೆ 100 ವ್ಯಾಟ್ ಹಾಕಬಹುದು. ಇಷ್ಟು ಸಣ್ಣ ಪ್ಯಾನೆಲಿಗೆ ದುಬಾರಿಯ ಎಂಪಿಪಿಟಿ ಮಾದರಿಯ ಕಂಟ್ರೋಲರ್ ಬೇಕಿಲ್ಲ, ಸಾಮಾನ್ಯ ಪಿಡಬ್ಲ್ಯುಎಂ ಮಾದರಿಯದು ಸಾಕು.

ಪ್ಯಾನೆಲನ್ನು ದಕ್ಷಿಣಕ್ಕೆ ಮುಖ ಮಾಡಿ 30 ಡಿಗ್ರಿ ಎತ್ತಿ ನಿಲ್ಲಿಸುವ ರೂಢಿ ಉತ್ತರ ಭಾರತದ ಅಕ್ಷಾಂಶಕ್ಕೆ ಸೇರಿದ್ದು. ಮಂಗಳೂರು ಮತ್ತು ಉಡುಪಿ 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಮಳೆನೀರು ಜಾರಿಹೋಗಿ ಗಾಜು ತೊಳೆಯುವಷ್ಟು, ಸುಮಾರು 10 ಡಿಗ್ರಿ, ಓರೆ ಕೊಟ್ಟರೆ ಸಾಕು. ಬೇಸಗೆಯಲ್ಲಿ ತೊಳೆಯುವ ಕೆಲಸವನ್ನು ನಾವೇ ಮಾಡಬೇಕು: ಮೀನು ಇಳಿಸುವ ಜಾಗದಲ್ಲಿ ಕಾಗೆ, ಗಿಡುಗ, ಬೆಳ್ಳಕ್ಕಿಗಳಿಗೆ ಪ್ಯಾನೆಲಿನ ಅಂಚೇ ಕೂರುವ ಜಾಗ, ಅವುಗಳ ಹಿಕ್ಕೆ ಒಂದೆರಡು ಕೋಶಗಳನ್ನು ಮುಚ್ಚಿದರೂ ಇಡೀ ಪ್ಯಾನೆಲಿನ ಹುಟ್ಟುವಳಿ ಕುಸಿಯುತ್ತದೆ. ಅಂಚಿನ ಮೇಲೆ ಒಂದು ಗೇಣು ಎತ್ತರದಲ್ಲಿ ನೈಲಾನ್ ದಾರ ಬಿಗಿದದ್ದು ನಮ್ಮಲ್ಲಿ ಪ್ರಯೋಜನಕ್ಕೆ ಬಂದಿದೆ. ಉಪ್ಪುಗಾಳಿ ಬೀಸುವ ಕಡೆ ವಾರಕ್ಕೊಮ್ಮೆ ಸಿಹಿನೀರು ಎರಚುವುದೂ ಒಳ್ಳೆಯದು.

ಬ್ಯಾಟರಿಯಲ್ಲಿ ಎರಡು ದಾರಿಗಳಿವೆ. ಮನೆಯ ಇನ್ವರ್ಟರಿಗೆ ಬಳಸುವ ಸೀಸದ ಟ್ಯೂಬುಲರ್ ಬ್ಯಾಟರಿ ಎಲ್ಲೆಡೆ ಸಿಗುತ್ತದೆ, ಥಟ್ಟನೆ ಹೆಚ್ಚು ಕರೆಂಟು ಕೇಳಿದರೂ ಸಹಿಸುತ್ತದೆ. ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಆಯುಷ್ಯ ಕುಗ್ಗುತ್ತದೆ, ಡಿಸ್ಟಿಲ್ಡ್ ವಾಟರ್ ತುಂಬಿಸುತ್ತಿರಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಪೆಟ್ಟಿಗೆಗೆ ಗಾಳಿಕಿಂಡಿ ಇಡಬೇಕು, ಆ ಕಿಂಡಿಯಿಂದಲೇ ಉಪ್ಪಿನ ತೇವ ಒಳಗೆ ಬರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬೆಲೆ ಹೆಚ್ಚು, ಆದರೆ ಅದನ್ನು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬಹುದು, ನೂರಕ್ಕೆ ಎಂಬತ್ತು ಪಾಲು ಬಳಸಿದರೂ ಎರಡು ಸಾವಿರ ಸಲ ಚಾರ್ಜ್ ತಾಳುತ್ತದೆ. ಅದರೊಳಗಿನ ರಕ್ಷಣಾ ಸರ್ಕ್ಯೂಟು ಮಾತ್ರ ತನ್ನ ಮಿತಿ ಮೀರಿದ ಕರೆಂಟು ಕೇಳಿದ ಕ್ಷಣವೇ ಬ್ಯಾಟರಿಯನ್ನು ಕಡಿದುಹಾಕುತ್ತದೆ. 50 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಆ ಮಿತಿ ಸಾಮಾನ್ಯವಾಗಿ 50 ಆಂಪಿಯರಿನ ಆಸುಪಾಸು. ಜೀಪಿಗೆ ಹಾಕುವ, ಪೂರ್ಣ ಭಾರದಲ್ಲಿ ಇನ್ನೂರು-ಮುನ್ನೂರು ಆಂಪಿಯರ್ ಎಳೆಯುವ ವಿಂಚನ್ನು ಇದಕ್ಕೆ ಜೋಡಿಸಿದರೆ ದೋಣಿ ನೀರು ಬಿಡುವ ಮೊದಲೇ ಎಲ್ಲ ನಿಲ್ಲುತ್ತದೆ. ನಿಧಾನ ಎತ್ತುವ, ಹೆಚ್ಚು ಗೇರು ಕಡಿತವಿರುವ ವಿಂಚನ್ನೇ ಹುಡುಕಬೇಕೆನ್ನುವುದು ಇದಕ್ಕಾಗಿ.

ತಂತಿಯ ದಪ್ಪವನ್ನು ಯಾರೂ ಲೆಕ್ಕಿಸುವುದಿಲ್ಲ, ಆದರೆ ಕಡಿಮೆ ವೋಲ್ಟೇಜಿನಲ್ಲಿ ಅದು ಬಹಳ ಮುಖ್ಯ. ಬ್ಯಾಟರಿಯಿಂದ ವಿಂಚಿಗೆ ಹತ್ತು ಮೀಟರ್ ದೂರವಿದ್ದು, 10 ಚದರ ಮಿ.ಮೀ. ತಾಮ್ರದ ತಂತಿ ಹಾಕಿ, ಒಂದೇ ನಿಮಿಷದಲ್ಲಿ ಎತ್ತುವ 12 ವೋಲ್ಟಿನ ವಿಂಚನ್ನು ಓಡಿಸಿದರೆ ತಂತಿಯಲ್ಲೇ ಎರಡು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. 24 ವೋಲ್ಟಿನ ವಿಂಚಾದರೆ ಕರೆಂಟು ಅರ್ಧವಾಗಿ ನಷ್ಟ 1.2 ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿಯನ್ನು ವಿಂಚಿನ ಕಂಬಕ್ಕೇ, ನೆರೆಯ ಗುರುತಿಗಿಂತ ಮೇಲೆ, ಕಟ್ಟಿ ಕೂರಿಸಿದರೆ ಈ ಚಿಂತೆಯೇ ಇರುವುದಿಲ್ಲ. ತಂತಿ ತವರ ಲೇಪಿಸಿದ ತಾಮ್ರದ್ದಾಗಿರಲಿ. ಬರಿಯ ತಾಮ್ರ ನಮ್ಮ ಗಾಳಿಗೆ ಬೇಗ ಹಸಿರುಗಟ್ಟಿ, ಕೊನೆಗೆ ಹೊದಿಕೆಯ ಒಳಗೇ ಪುಡಿಯಾಗುತ್ತದೆ. ಟರ್ಮಿನಲ್‌ಗಳಿಗೆ ಗ್ರೀಸ್ ಸವರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಗುಡುಗು ಸಿಡಿಲಿನ ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಬಯಲು ದಂಡೆಯಲ್ಲಿ ನಿಂತ ಕಬ್ಬಿಣದ ಕಂಬಗಳ ಬಳಿ ಸುಳಿಯಲೇಬಾರದು.

ಬ್ಯಾಟರಿಯನ್ನು ಮನೆಗೊಯ್ದು ಚಾರ್ಜ್ ಮಾಡುವುದು

ಇದು ಹಲವರಿಗೆ ಹೊಳೆಯದ ಆಯ್ಕೆ, ಸಣ್ಣ ಕುಟುಂಬಕ್ಕೆ ಬಹುಶಃ ಅತ್ಯಂತ ಅಗ್ಗದ್ದೂ ಹೌದು. 12 ವೋಲ್ಟ್, 50 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಆರೇಳು ಕೆ.ಜಿ. ತೂಗುತ್ತದೆ, ಅಂದರೆ ಒಂದು ಕೊಡ ನೀರಿಗಿಂತ ಹಗುರ. ಅದರಲ್ಲಿ ಬಳಸಬಹುದಾದ ಶಕ್ತಿ ಸುಮಾರು 500 ವ್ಯಾಟ್-ಗಂಟೆ. ದಿನಕ್ಕೆ 20ರಂತೆ ಮೂರು ವಾರಕ್ಕಿಂತ ಹೆಚ್ಚು ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಮನೆಗೆ ತಂದು ರಾತ್ರಿ ಚಾರ್ಜಿಗಿಟ್ಟು ಬೆಳಿಗ್ಗೆ ಒಯ್ದರೆ ಪ್ಯಾನೆಲ್, ಕಂಟ್ರೋಲರ್, ಹಕ್ಕಿ, ಮೋಡ, ಕಳ್ಳತನ ಯಾವುದರ ಚಿಂತೆಯೂ ಇಲ್ಲ. ಕೆಮ್ಮಣ್ಣಿನ ತೂಗುಸೇತುವೆ ದಾಟಿ ತಿಮ್ಮಣ್ಣಕುದ್ರಿಗೆ ನಡೆದುಹೋಗುವವರೂ ಇದನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಮೂವತ್ತು ಕೆ.ಜಿ. ಮೀರುವ ಟ್ಯೂಬುಲರ್ ಬ್ಯಾಟರಿಯಲ್ಲಿ ಈ ಕ್ರಮ ಸಾಧ್ಯವಿಲ್ಲ. ಅದನ್ನು ಜಾರುವ ದಾರಿಯಲ್ಲಿ ಹೊರುವಾಗ ಬಿದ್ದರೆ ಆಸಿಡ್ ಚೆಲ್ಲುತ್ತದೆ. ಮನೆ ದೂರವಿದ್ದವರಿಗೂ, ಮರೆವು ಹೆಚ್ಚಿರುವ ಮನೆಗೂ ಪ್ಯಾನೆಲೇ ಮೇಲು.

ಪೆಟ್ರೋಲ್

ಜನರೇಟರನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಂದು ಅಶ್ವಶಕ್ತಿಯ ಹೋಯಿಸ್ಟ್ ಶುರುವಾಗುವ ಕ್ಷಣದಲ್ಲಿ ನಾಲ್ಕೈದು ಪಟ್ಟು ಕರೆಂಟು ಕೇಳುವುದರಿಂದ ಎರಡೂವರೆ-ಮೂರು ಕೆವಿಎ ಜನರೇಟರ್ ಬೇಕಾಗುತ್ತದೆ. ಅಷ್ಟಿದ್ದರೆ ಮೂರು ಟನ್ನಿನ ದೋಣಿಯನ್ನೂ ಸರಿಯಾದ ಗೇರಿನೊಡನೆ ಎತ್ತಬಹುದು. ಹಲವು ಮನೆಯವರು ಸೇರಿ ಒಂದೇ ಲಿಫ್ಟಿನಲ್ಲಿ ಸಾಲಾಗಿ ದೋಣಿ ಎತ್ತುವ ಕಡೆ, ಬೆಳಕಿನ ದೀಪಕ್ಕೂ ದೋಣಿ ರಿಪೇರಿಯ ಗ್ರೈಂಡರಿಗೂ ಕರೆಂಟು ಬೇಕಿರುವ ಕಡೆ ಅದೇ ಸರಿ.

ಒಂದೇ ದೋಣಿಯ ಮನೆಗೆ ಅದು ಒಗ್ಗದಿರುವುದು ಇಂಧನದ ಖರ್ಚಿನಿಂದಲ್ಲ, ದಿನಕ್ಕೆ ಐದೇ ನಿಮಿಷ ಓಡುವುದರಿಂದ. ಎಂಜಿನ್ ಕಾಯುವ ಮೊದಲೇ ಆರಿಸುತ್ತೇವೆ, ಸೈಲೆನ್ಸರಿನಲ್ಲಿ ತೇವ ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತಿರುತ್ತದೆ, ಅದು ನಮ್ಮ ಗಾಳಿಯ ತೇವವನ್ನು ಹೀರುತ್ತದೆ, ಅರ್ಧ ತುಂಬಿದ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಂತರೆ ನೀರುಬೆರೆತ ಪದರ ತಳಕ್ಕಿಳಿದು ಕಾರ್ಬ್ಯುರೇಟರನ್ನು ಕೆಡಿಸುತ್ತದೆ. ಬೇಕಾದ ದಿನ ಹಗ್ಗ ಎಳೆದೆಳೆದು ಸಾಕಾಗುವುದು ಇದರಿಂದಲೇ. ಪ್ರತಿ ಸಲ ಇಂಧನದ ಕೊಳಾಯಿ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಬಿಡುವ ಅಭ್ಯಾಸವಿದ್ದವರಿಗೆ ಮಾತ್ರ ಜನರೇಟರ್ ಒಲಿಯುತ್ತದೆ. ವಿದ್ಯುತ್ತಿನ ಗೋಜೇ ಇಲ್ಲದೆ ಪೆಟ್ರೋಲ್ ಎಂಜಿನ್ ನೇರವಾಗಿ ವಿಂಚನ್ನು ತಿರುಗಿಸುವ ಸಾಧನಗಳೂ ಇವೆ. ಮರಳುದಂಡೆಯ ಮೇಲೆ ಎಳೆಯಲು ಅವು ಒಳ್ಳೆಯವು, ಆದರೆ ನೇರವಾಗಿ ತೂಗುವ ಭಾರಕ್ಕೆ ಒಳ್ಳೆಯ ಬ್ರೇಕ್ ಇರುವುದನ್ನೇ ಕೇಳಿ ಪಡೆಯಬೇಕು.

ಗಾಳಿ, ಉಬ್ಬರ, ತೇಲುಗ

ಸಣ್ಣ ಗಾಳಿಯಂತ್ರ ನಮ್ಮ ಹೊಳೆಬದಿಗೆ ಬೇಡ. ಗಾಳಿಯ ವೇಗ ಅರ್ಧವಾದರೆ ಸಿಗುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ತೆಂಗಿನ ತೋಟದ ಮರೆಯಲ್ಲಂತೂ ಅದು ತಿರುಗುವುದೇ ಅಪರೂಪ.

ಉಬ್ಬರದ ನೀರನ್ನೇ ಬಳಸುವುದು ಹಿರಿಯರ ಕ್ರಮ. ಹುಣ್ಣಿಮೆಯ ಉಬ್ಬರದಲ್ಲಿ ದೋಣಿಯನ್ನು ಮೇಲಿನ ಕಟ್ಟೆಯ ಮೇಲೆ ತೇಲಿಸಿ ನಿಲ್ಲಿಸಿದರೆ ಇಳಿತದಲ್ಲಿ ಅದು ಅಲ್ಲಿಯೇ ಉಳಿಯುತ್ತದೆ. ತಳ ಕೆರೆದು ಬಣ್ಣ ಬಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ದಿನವಹಿ ಬಳಕೆಗೆ ಮಾತ್ರ ಆಗುವುದಿಲ್ಲ.

ಗಾಳಿ ತುಂಬಿ ತೇಲಿಸುವ ಲಿಫ್ಟ್ ಕುತೂಹಲಕಾರಿಯಾದದ್ದು. ದೋಣಿಯ ಕೆಳಗಿನ ತೊಟ್ಟಿಗಳಿಗೆ ಸಣ್ಣ 12 ವೋಲ್ಟ್ ಬ್ಲೋವರಿನಿಂದ ಗಾಳಿ ತುಂಬಿದರೆ, ಒಂದು ಲೀಟರ್ ಗಾಳಿಗೆ ಒಂದು ಕೆ.ಜಿ.ಯಂತೆ ದೋಣಿ ಮೇಲೇಳುತ್ತದೆ. ವೈರ್ ರೋಪ್ ಇಲ್ಲ, ಉಬ್ಬರವಿಳಿತದೊಂದಿಗೆ ತಾನೂ ಏರಿಳಿಯುತ್ತದೆ. ನೀರು ಸದಾ ಶಾಂತವಾಗಿರುವ ಹಿನ್ನೀರಿನಲ್ಲಿ ಇದನ್ನು ಯೋಚಿಸಬಹುದು. ನೆರೆಯ ಸೆಳವಿರುವ ಹೊಳೆಯಲ್ಲಿ ಲಂಗರು ಕಿತ್ತು ದೋಣಿಯೊಡನೆ ಲಿಫ್ಟೂ ಸಮುದ್ರ ಸೇರಬಹುದು.

ಮಳೆನೀರಿನ ಭಾರ

ಯಾವ ಶಕ್ತಿಯನ್ನು ಆರಿಸಿದರೂ ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಏಳು ಮೀಟರ್ ಉದ್ದದ ದೋಣಿಯ ಬಾಯಿ ಸುಮಾರು 8 ಚದರ ಮೀಟರ್ ವಿಸ್ತಾರವಿರುತ್ತದೆ. ಒಂದು ರಾತ್ರಿಯಲ್ಲಿ 100 ಮಿ.ಮೀ. ಮಳೆ ಬೀಳುವುದು ನಮ್ಮಲ್ಲಿ ಮಳೆಗಾಲದಲ್ಲಿ ಅಪರೂಪವಲ್ಲ, ಆಗ ಎತ್ತಿಟ್ಟ ದೋಣಿಯೊಳಗೆ 800 ಲೀಟರ್ ನೀರು ನಿಲ್ಲುತ್ತದೆ. ಸಂಜೆ ಒಂದು ಟನ್ ತೂಗಿದ ದೋಣಿ ಬೆಳಿಗ್ಗೆ 1.8 ಟನ್ ತೂಗುತ್ತದೆ. ಎತ್ತಿದ ಕೂಡಲೇ ತಳದ ಬೂಚನ್ನು ತೆಗೆದಿಡಬೇಕು, ದೋಣಿ ಹಿಂಬದಿಗೆ ತುಸು ಓರೆಯಾಗಿ ಕೂರುವಂತೆ ತೊಟ್ಟಿಲನ್ನು ಹೊಂದಿಸಬೇಕು, ತೆಗೆದ ಬೂಚನ್ನು ವಿಂಚಿನ ಸ್ವಿಚ್ಚಿಗೇ ದಾರದಿಂದ ಕಟ್ಟಿದರೆ ಇಳಿಸುವಾಗ ಮರೆಯುವ ಭಯವಿರುವುದಿಲ್ಲ. ವಿಂಚು, ವೈರ್ ರೋಪ್, ಕಂಬಗಳನ್ನು ಆರಿಸುವಾಗ ಬರಿದೋಣಿಯ ತೂಕವನ್ನಲ್ಲ, ಎರಡು ಟನ್ನನ್ನು ಲೆಕ್ಕಕ್ಕೆ ಹಿಡಿಯಬೇಕು. ವೈರ್ ರೋಪು ಅದರ ಐದು ಪಟ್ಟು ತಾಳುವಂತಿರಬೇಕು. ವಿಂಚಿನ ಮೇಲೆ ಬರೆದಿರುವ ಸಾಮರ್ಥ್ಯ ಡ್ರಮ್ಮಿನ ಮೊದಲ ಸುತ್ತಿಗೆ ಮಾತ್ರ ಅನ್ವಯಿಸುತ್ತದೆ, ಹಗ್ಗ ಪದರ ಪದರವಾಗಿ ಸುತ್ತಿಕೊಂಡಷ್ಟೂ ಅದು ಕಡಿಮೆಯಾಗುತ್ತದೆ ಎಂಬುದನ್ನೂ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಅನುಮತಿಯ ಮಾತನ್ನೂ ಕೊಂಡುಕೊಳ್ಳುವ ಮೊದಲೇ ಮುಗಿಸಬೇಕು. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ನೆಲದಲ್ಲಿ ಕಂಬ ಊರುವುದು ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯ ವ್ಯಾಪ್ತಿಗೆ ಬರುತ್ತದೆ, ಕುಂದಾಪುರದ ಪ್ರದೇಶವನ್ನಂತೂ ಅದರಲ್ಲಿ ವಿಶೇಷವಾಗಿ ಸೂಕ್ಷ್ಮ ಕರಾವಳಿಯೆಂದು ಗುರುತಿಸಲಾಗಿದೆ. ಕಾಂಕ್ರೀಟ್ ಹಾಕದೆ, ಬಿಚ್ಚಿ ತೆಗೆಯಬಹುದಾದ ಕಂಬಗಳ ನಕ್ಷೆಯೊಂದಿಗೆ ಗ್ರಾಮ ಪಂಚಾಯತಿಯನ್ನೂ ಮೀನುಗಾರಿಕೆ ಇಲಾಖೆಯನ್ನೂ ಮೊದಲು ಕೇಳಬೇಕು.

ನಮ್ಮ ಮನೆಯಲ್ಲಿ ಈಗ ಇರುವುದು ಆರು ನಿಮಿಷ ತೆಗೆದುಕೊಳ್ಳುವ 24 ವೋಲ್ಟಿನ ವಿಂಚು, ಸಾಲಾಗಿ ಜೋಡಿಸಿದ ಎರಡು ಸಣ್ಣ ಲಿಥಿಯಂ ಬ್ಯಾಟರಿ ಮತ್ತು ಎರಡು 50 ವ್ಯಾಟ್ ಪ್ಯಾನೆಲ್. ಮೋಟಾರಿನ ಹಿಂಬದಿಯ ಅಚ್ಚಿಗೆ ಕೈಹಿಡಿ ತೊಡಿಸಿ ತಿರುಗಿಸಲು ಬರುವ ಮಾದರಿಯನ್ನೇ ಹುಡುಕಿ ತಂದೆವು, ಅದು ದೊರಕಲು ತಡವಾದರೂ ಕಾದೆವು. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಬ್ಯಾಟರಿಯನ್ನು ಬಿಚ್ಚಿಟ್ಟು ಒಂದು ಸಲ ಪೂರ್ತಿಯಾಗಿ ಕೈಯಿಂದಲೇ ದೋಣಿಯನ್ನು ಎತ್ತಿ ನೋಡುತ್ತೇವೆ. ಕಳೆದ ಸಲ ಹಿಡಿಯ ತೂತು ತುಕ್ಕಿನಿಂದ ಕಿರಿದಾಗಿ ಅಚ್ಚಿಗೆ ಸೇರಲಿಲ್ಲ. ಅರದಿಂದ ಉಜ್ಜಿ, ಗ್ರೀಸ್ ತುಂಬಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಂಬದ ಮೇಲ್ಭಾಗಕ್ಕೆ ಕಟ್ಟಿದ್ದೇವೆ.